ಹೊಗೆಯ ನಾಡಿಪರೀಕ್ಷೆ

ಸೌದೆಯ ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದವರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸೌದೆ ಹೆಚ್ಚಾಗಿ ಗಾಳಿ ಸಾಲದಿದ್ದರೆ ಮನೆಯೆಲ್ಲ ಹೊಗೆ. ಗಾಳಿ ಹೆಚ್ಚಾಗಿ ಸೌದೆ ಸಾಲದಿದ್ದರೆ ಉರಿ ಹಾರಿಹೋಗಿ ಪಾತ್ರೆಗೆ ಕಾವು ತಾಕದು. ಇವೆರಡರ ನಡುವಣ ಹದವನ್ನು ನಮ್ಮ ಅಜ್ಜಿಯರು ಕಣ್ಣಿನಿಂದಲೇ ಅಳೆಯುತ್ತಿದ್ದರು. ಇಂದು ಗ್ಯಾಸಿನ ಒಲೆಯ ಮುಂದೆ ನಿಂತ ಗೃಹಿಣಿಯೂ ಉರಿ ನೀಲಿಯಾಗಿದೆಯೋ ಹಳದಿಯಾಗಿದೆಯೋ ಎಂದು ನೋಡುವಾಗ ಅದೇ ಪರೀಕ್ಷೆಯನ್ನು ಮಾಡುತ್ತಾಳೆ. ೧೯೦೮ರಲ್ಲಿ, ಜನರಿಂದ ಪೈಸೆ ಪೈಸೆ ಕೂಡಿಸಿದ ನಿಧಿಯಿಂದ ನಮ್ಮ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತಷ್ಟೆ. ಗಾಜು ಕರಗಿಸುವ ಕುಲುಮೆಗೂ ಬೇಕಾದುದು ಇದೇ ಹದ.

ಮೋಟಾರುಗಾಡಿಯ ಎಂಜಿನ್ನೂ ಒಂದು ಒಲೆಯೇ. ಆದರೆ ಅದರೊಳಗೆ ಇಣುಕಿ ನೋಡಲು ಕಿಂಡಿಯಿಲ್ಲ. ಒಳಗೆ ಉರಿ ಹೇಗಿತ್ತೆಂಬುದನ್ನು ಹೊರಗೆ ಬಂದ ಹೊಗೆಯಿಂದಲೇ ಊಹಿಸಬೇಕು. ಅದಕ್ಕಾಗಿ ಹೊಗೆಯ ಕೊಳವೆಯಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಸಾಧನವನ್ನು ಕೂರಿಸುತ್ತಾರೆ. ಆಮ್ಲಜನಕದ ಸೆನ್ಸರ್ ಎಂದು ಅದರ ಹೆಸರು. ಗ್ಯಾರೇಜಿನವರ ಬಾಯಲ್ಲಿ ‘ಓ-ಟು ಸೆನ್ಸರ್’. ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕ ಎಷ್ಟೆಂದು ನೋಡಿ, ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅದು ಹೇಳುತ್ತದೆ. ವೈದ್ಯರು ಮಣಿಕಟ್ಟನ್ನು ಹಿಡಿದು ದೇಹದ ಸ್ಥಿತಿಯನ್ನು ಹೇಳಿದಂತೆಯೇ ಇದು.

ನಾಡಿ ಹಿಡಿದವರೆಲ್ಲ ರೋಗವನ್ನು ಸರಿಯಾಗಿ ಹೇಳಿಯಾರೇ? ಇದೇ ಪ್ರಶ್ನೆ ಈಚೆಗೆ ನಮ್ಮ ಮನೆಯಲ್ಲಿಯೇ ಎದ್ದಿತು.

ಮೊದಲ ಗಿರಾಕಿ

ಈ ಭಾಗದ ಕನ್ನಡ ಕುಟುಂಬಗಳಲ್ಲಿ ಮೋಟಾರಿನ ಸಂಬಂಧವಿಲ್ಲದ ಮನೆ ಅಪರೂಪ. ಪಿಂಪರಿ-ಚಿಂಚವಡ, ಚಾಕಣ, ತಳೇಗಾಂವಗಳ ಕಾರ್ಖಾನೆಗಳೇ ನಮ್ಮಲ್ಲಿ ಅನೇಕರನ್ನು ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಇಲ್ಲಿಗೆ ಕರೆತಂದವು. ೨೦೦೮ರಲ್ಲಿ ತಳೇಗಾಂವದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರ್ಖಾನೆ ತೆರೆಯಿತು. ೨೦೨೦ರ ಡಿಸೆಂಬರಿನಲ್ಲಿ ಅಲ್ಲಿ ಗಾಡಿಗಳ ತಯಾರಿಕೆ ನಿಂತಿತು. ೨೦೨೪ರ ಜನವರಿಯಲ್ಲಿ ಹ್ಯುಂಡೈ ಕಂಪನಿ ಅದನ್ನು ವಹಿಸಿಕೊಂಡಿತು. ಕಾರ್ಖಾನೆಗಳ ಏಳುಬೀಳನ್ನು ಕಂಡ ತರುಣರು ಸ್ವಂತದ್ದೊಂದು ಉದ್ಯೋಗವಿದ್ದರೆ ಲೇಸೆಂದು ಯೋಚಿಸುವುದು ಸಹಜವೇ.

ನನ್ನ ತಮ್ಮನ ಮಗನೂ ಹಾಗೆಯೇ ಯೋಚಿಸಿದ. ಗುತ್ತಿಗೆಯ ಕೆಲಸವನ್ನು ಬಿಟ್ಟು, ಕೂಡಿಟ್ಟ ಹಣದಲ್ಲಿ ಹೊಗೆ ಅಳೆಯುವ ಒಂದು ಮೀಟರನ್ನು ಕೊಂಡು, ಹಳೆಯ ಮೋಟಾರ್‌ಸೈಕಲ್ಲುಗಳ ಕಾರ್ಬ್ಯುರೇಟರುಗಳನ್ನು ಹದಗೊಳಿಸಿ ಕೊಡುವ ಉದ್ಯೋಗಕ್ಕೆ ಕೈಹಾಕಿದ. ಮೊದಲ ಗಿರಾಕಿ ನಮ್ಮ ಓಣಿಯವರೇ. ದಿನವೂ ಚಾಕಣಕ್ಕೆ ಹೋಗಿಬರುವವರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ತಮ್ಮ ಹಳೆಯ ಗಾಡಿಗೆ ಏನಾದೀತೋ ಎಂಬ ಚಿಂತೆ ಅವರದು. ಹುಡುಗ ಪುಸ್ತಕ ಓದಿದ್ದ. ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಗಾಳಿಯ ಪ್ರಮಾಣ ೧೩.೫ ಇರಬೇಕೆಂದು ಅರಿತಿದ್ದ. ಮೀಟರು ೧೩.೫ ತೋರಿಸುವವರೆಗೆ ಜೆಟ್ಟುಗಳನ್ನು ಬದಲಿಸಿ, ತಿರುಪನ್ನು ತಿರುವಿ ಗಾಡಿಯನ್ನು ಒಪ್ಪಿಸಿದ.

ಹದಿನೈದು ದಿನಗಳಲ್ಲಿ ಗಾಡಿ ಮರಳಿ ಬಂತು. ಲೀಟರಿಗೆ ಐವತ್ತು ಕಿಲೋಮೀಟರು ಓಡುತ್ತಿದ್ದುದು ನಲವತ್ತೈದಕ್ಕೆ ಇಳಿದಿತ್ತು. ಪ್ಲಗ್ಗು ಕಾಡಿಗೆ ಹಚ್ಚಿದಂತೆ ಕಪ್ಪಾಗಿತ್ತು. ಗಿರಾಕಿ ಸಜ್ಜನರು, ಗದರಲಿಲ್ಲ. ಆದರೆ ಹುಡುಗನ ಮುಖ ಸಪ್ಪಗಾಯಿತು. ಮೀಟರು ಕೆಟ್ಟದ್ದಿರಬೇಕು, ಇನ್ನೂ ಹೆಚ್ಚು ಬೆಲೆಯದನ್ನು ತರಬೇಕು, ಅದಕ್ಕೆ ಸಾಲ ಮಾಡಬೇಕು ಎಂಬವರೆಗೆ ಯೋಚನೆ ಹೋಗಿತ್ತು. ಎಂಜಿನ್ನುಗಳ ಪರೀಕ್ಷಾ ವಿಭಾಗದಲ್ಲಿ ಬಹುಕಾಲ ದುಡಿದವನೆಂದು ನನ್ನ ಬಳಿಗೆ ಬಂದ.

“ಕಾಕಾ, ಮೀಟರು ಸುಳ್ಳ ಹೇಳ್ತದೇನ್ರಿ?” ಎಂದು ಕೇಳಿದ.

“ಮೊದಲ ಅದು ಏನ ಅಳೀತದ ಅನ್ನೂದು ನೋಡೂಣು, ತಮ್ಮಾ. ಸುಳ್ಳೋ ಖರೇನೋ ಆಮ್ಯಾಲೆ” ಎಂದೆ.

ಅಂದು ಸಂಜೆ ನಾವಿಬ್ಬರೂ ಕುಳಿತು ಮಾತಾಡಿದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಗಡಿಯ ಫಲಕ

ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಅದರ ೧೪.೭ ಪಟ್ಟು ಗಾಳಿ ಬೇಕು. ಎಷ್ಟು ಬೇಕೋ ಅಷ್ಟೇ ಗಾಳಿ ದೊರೆತರೆ ಆ ಸ್ಥಿತಿಗೆ ಲ್ಯಾಂಬ್ಡಾ ೧ ಎನ್ನುತ್ತಾರೆ. ಲ್ಯಾಂಬ್ಡಾ ಗ್ರೀಕ್ ಲಿಪಿಯ ಒಂದು ಅಕ್ಷರ. ಬೇಕಾದುದಕ್ಕಿಂತ ಹತ್ತು ಪಾಲು ಹೆಚ್ಚು ಗಾಳಿಯಿದ್ದರೆ ಲ್ಯಾಂಬ್ಡಾ ೧.೧, ಹತ್ತು ಪಾಲು ಕಡಿಮೆಯಿದ್ದರೆ ೦.೯. ಗಾಳಿ ಹೆಚ್ಚಾದ ಮಿಶ್ರಣಕ್ಕೆ ಮೆಕ್ಯಾನಿಕರು ‘ಲೀನ್’ ಎನ್ನುತ್ತಾರೆ, ಪೆಟ್ರೋಲು ಹೆಚ್ಚಾದುದಕ್ಕೆ ‘ರಿಚ್’.

ಸೆನ್ಸರಿನ ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಪದಾರ್ಥ. ಸುಮಾರು ೩೫೦ ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಕಾದಾಗ ಅದರಲ್ಲಿ ಆಮ್ಲಜನಕದ ವಿದ್ಯುತ್ಕಣಗಳು ಸಂಚರಿಸತೊಡಗುತ್ತವೆ. ಅದರ ಒಂದು ಮಗ್ಗುಲಿಗೆ ಹೊರಗಿನ ಗಾಳಿ, ಇನ್ನೊಂದು ಮಗ್ಗುಲಿಗೆ ಹೊಗೆ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ ನಡುವೆ ಸ್ವಲ್ಪ ವಿದ್ಯುತ್ತಿನ ಒತ್ತಡ ಹುಟ್ಟುತ್ತದೆ. ಇದರ ಹಿಂದಿರುವ ಸೂತ್ರವನ್ನು ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ೧೮೮೯ರಲ್ಲಿ ಕೊಟ್ಟನು. ಕಾದ ಜಿರ್ಕೋನಿಯಾ ಕಡ್ಡಿಯಿಂದ ಬೆಳಕು ಕೊಡುವ ದೀಪವನ್ನೂ ಆತ ಮಾಡಿದ್ದನು. ೧೯೨೦ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವನಿಗೆ ಸಂದಿತು. ಮೋಟಾರುಗಾಡಿಯಲ್ಲಿ ಈ ತತ್ತ್ವ ಬಳಕೆಗೆ ಬಂದುದು ೧೯೭೬ರಲ್ಲಿ. ಬಾಷ್ ಕಂಪನಿ ತಯಾರಿಸಿದ ಸೆನ್ಸರನ್ನು ಸ್ವೀಡನ್ನಿನ ವೋಲ್ವೊ ಕಾರುಗಳು ಮೊದಲು ಧರಿಸಿದವು. ಬಾಷ್ ಎಂದರೆ ನಮಗೇನೂ ದೂರದ ಹೆಸರಲ್ಲ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಆಡುಗೋಡಿಯ ಸುತ್ತಮುತ್ತಲಿನ ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟ ‘ಮೈಕೋ’ ಕಾರ್ಖಾನೆಯೇ ೨೦೦೮ರಲ್ಲಿ ಆ ಹೆಸರನ್ನು ತಳೆಯಿತು.

ಈ ಮೊದಲ ಬಗೆಯ ಸೆನ್ಸರಿಗೆ ಒಂದು ವಿಲಕ್ಷಣ ಗುಣವಿದೆ. ಮಿಶ್ರಣ ರಿಚ್ ಆಗಿದ್ದರೆ ಅದು ಸುಮಾರು ೦.೯ ವೋಲ್ಟ್ ಕೊಡುತ್ತದೆ, ಲೀನ್ ಆಗಿದ್ದರೆ ೦.೧ ವೋಲ್ಟ್. ಲ್ಯಾಂಬ್ಡಾ ೧ನ್ನು ದಾಟುವ ಕ್ಷಣದಲ್ಲಿ ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುತ್ತದೆ. ಪುಣೆಯಿಂದ ಊರಿಗೆ ಹೋಗುವಾಗ ನಿಪ್ಪಾಣಿಗೆ ಮುಂಚೆ ಬರುವ ಗಡಿಯ ಫಲಕವನ್ನು ನೆನೆಯಿರಿ. ಅದನ್ನು ದಾಟಿದೊಡನೆ ಕರ್ನಾಟಕಕ್ಕೆ ಬಂದೆವೆಂದು ಖಚಿತವಾಗಿ ತಿಳಿಯುತ್ತದೆ. ಆದರೆ ಧಾರವಾಡಕ್ಕೆ ಇನ್ನೆಷ್ಟು ದೂರವೆಂದು ಆ ಫಲಕವನ್ನು ಕೇಳಿದರೆ ಅದೇನು ಹೇಳೀತು?

ಗಡಿಯನ್ನು ಅರಿಯುವುದಷ್ಟೇ ಕಾರ್ಖಾನೆಯವರಿಗೆ ಬೇಕಾಗಿತ್ತು. ಹೊಗೆಯ ವಿಷವನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಮೂರು ಬಗೆಯ ವಿಷಗಳನ್ನೂ ಒಟ್ಟಿಗೆ ಕಳೆಯಬೇಕಾದರೆ ಮಿಶ್ರಣ ಲ್ಯಾಂಬ್ಡಾ ೧ರಿಂದ ಹೆಚ್ಚೆಂದರೆ ನೂರಕ್ಕೊಂದು ಪಾಲು ಅತ್ತಿತ್ತ ಇರಬಹುದು. ಗಾಡಿಯಲ್ಲಿಯ ಗಣಕವು ಸೆನ್ಸರಿನ ಮಾತನ್ನು ಕೇಳಿ, ರಿಚ್ ಎಂದರೆ ತುಸು ಪೆಟ್ರೋಲು ತಗ್ಗಿಸಿ, ಲೀನ್ ಎಂದರೆ ತುಸು ಏರಿಸಿ, ಗಡಿಯ ಎರಡೂ ಬದಿಗೆ ಹೆಜ್ಜೆಯಿಡುತ್ತ ಸರಾಸರಿಯನ್ನು ಕಾಯುತ್ತದೆ. ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ನಿಯಮಗಳು ದೇಶದಲ್ಲೆಲ್ಲ ಜಾರಿಗೆ ಬಂದ ಮೇಲೆ ನಮ್ಮ ಬಹುತೇಕ ಸ್ಕೂಟರು, ಮೋಟಾರ್‌ಸೈಕಲ್ಲುಗಳಲ್ಲಿಯೂ ಈ ಏರ್ಪಾಡು ಬಂದಿದೆ.

ಆದರೆ ಕೆಲವರು ಇದೇ ಸೆನ್ಸರಿನ ವೋಲ್ಟನ್ನು ಓದಿ, ಎಂಜಿನ್ನು ಪೂರ್ಣ ಬಲದಿಂದ ಎಳೆಯುವಾಗಿನ ಮಿಶ್ರಣವನ್ನೂ ನಿರ್ಧರಿಸಹೋಗುತ್ತಾರೆ. ಇದು ಅಪಾಯದ ಕೆಲಸ. ರಿಚ್ ಬದಿಯಲ್ಲಿ ಅದರ ವೋಲ್ಟು ಮಿಶ್ರಣಕ್ಕಿಂತ ಸೆನ್ಸರಿನ ಕಾವಿಗೇ ಹೆಚ್ಚಾಗಿ ಕುಣಿಯುತ್ತದೆ. ಸಾಕಷ್ಟು ಪೆಟ್ರೋಲಿದೆಯೆಂದು ನಂಬಿ ಖಂಡಾಳ ಘಾಟವನ್ನು ಏರುವಾಗ ಮಿಶ್ರಣ ನಿಜಕ್ಕೂ ಲೀನ್ ಆಗಿದ್ದರೆ, ಉರಿ ಮಿತಿಮೀರಿ ಕಾದು ಪಿಸ್ಟನ್ನೇ ಕರಗಬಹುದು.

ತಕ್ಕಡಿ ಹಿಡಿದ ಸೆನ್ಸರು

ನನ್ನ ತಮ್ಮನ ಮಗ ತಂದದ್ದು ಎರಡನೆಯ ಬಗೆಯದು. ‘ವೈಡ್‌ಬ್ಯಾಂಡ್’ ಎಂದು ಅದಕ್ಕೆ ಹೆಸರು. ೧೯೯೦ರ ದಶಕದಲ್ಲಿ ಬಳಕೆಗೆ ಬಂತು. ಇದು ಗಡಿಯನ್ನಲ್ಲದೆ ದೂರವನ್ನೂ ಹೇಳುತ್ತದೆ. ಅದರ ರೀತಿ ಕಿರಾಣಿ ಅಂಗಡಿಯ ತಕ್ಕಡಿಯಂತೆ. ಸೆನ್ಸರಿನೊಳಗೆ ಒಂದು ಕಿರುಗೂಡಿದೆ. ಹೊಗೆ ಸ್ವಲ್ಪಸ್ವಲ್ಪವಾಗಿ ಅದರೊಳಗೆ ಇಳಿಯುತ್ತದೆ. ಅಲ್ಲಿ ಆಮ್ಲಜನಕ ಹೆಚ್ಚಾಗಿದ್ದರೆ ವಿದ್ಯುತ್ತಿನಿಂದ ಅದನ್ನು ಹೊರಕ್ಕೆ ಎಳೆಯುತ್ತಾರೆ, ಸಾಲದಿದ್ದರೆ ಒಳಕ್ಕೆ ತಳ್ಳುತ್ತಾರೆ. ತಕ್ಕಡಿಯ ಮುಳ್ಳು ನಡುವೆ ನಿಲ್ಲುವವರೆಗೆ, ಎಂದರೆ ಗೂಡಿನಲ್ಲಿ ಲ್ಯಾಂಬ್ಡಾ ೧ ಆಗುವವರೆಗೆ, ಎಷ್ಟು ವಿದ್ಯುತ್ತು ಬೇಕಾಯಿತೆಂಬುದೇ ಅಳತೆ. ಇದಕ್ಕೆಲ್ಲ ಸೆನ್ಸರು ತನ್ನದೇ ಹೀಟರಿನಿಂದ ಸುಮಾರು ೭೮೦ ಡಿಗ್ರಿಗೆ ಕಾದಿರಬೇಕು.

ಇದರ ನಿಖರತೆ ಎಷ್ಟು? ಹೆಸರಾಂತ ಒಂದು ಮಾದರಿಗೆ ತಯಾರಕರು ಕೊಟ್ಟ ಅಂಕೆಗಳಂತೆ, ಹೊಸದಾಗಿರುವಾಗ ಲ್ಯಾಂಬ್ಡಾ ೦.೮ರಲ್ಲಿ ೦.೦೧ರಷ್ಟು, ೧.೭ರಲ್ಲಿ ೦.೦೫ರಷ್ಟು ಹೆಚ್ಚುಕಡಿಮೆ ಆಗಬಹುದು. ಲ್ಯಾಂಬ್ಡಾ ೧ರ ಬಳಿ ಅದು ಬಲು ಚೊಕ್ಕಟ. ಗಡಿಯಿಂದ ದೂರ ಹೋದಂತೆ ತಪ್ಪು ಬೆಳೆಯುತ್ತದೆ. ಹಳೆಯದಾದಂತೆ ಇನ್ನೂ ಬೆಳೆಯುತ್ತದೆ. ೦.೦೧ ಎಂದರೆ ಪೆಟ್ರೋಲಿನ ಲೆಕ್ಕದಲ್ಲಿ ೦.೧೫ರಷ್ಟಾಯಿತು. ಹೀಗಿರಲು ಮೀಟರಿನ ಮುಖದ ಮೇಲೆ ೧೩.೫೨ ಎಂದು ಮಿನುಗಿದರೆ, ಕೊನೆಯ ಆ ೨ಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ವಾಚಕರೇ ಊಹಿಸಬಹುದು.

ತಪ್ಪಿದ ಲೆಕ್ಕ

ಈಗ ಹುಡುಗನ ಒಗಟಿಗೆ ಬರೋಣ. ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ೨೦೨೩ರ ಫೆಬ್ರವರಿ ೬ರಂದು ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟನೆಯಾಯಿತು. ೨೦೨೫ರ ಹೊತ್ತಿಗೆ ಅದು ದೇಶದ ತುಂಬ ಹರಡಿತು. ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ರಸವೂ ಕಾಕಂಬಿಯೂ ಹೀಗೆ ಗಾಡಿಯ ಹೊಟ್ಟೆಯನ್ನು ಸೇರುತ್ತಿವೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದು ಉರಿಯಲು ತೂಕದ ೯ ಪಟ್ಟು ಗಾಳಿ ಸಾಕು. ಎರಡೂ ಬೆರೆತಾಗ ಬೇಕಾಗುವ ಗಾಳಿ ೧೪.೭ರಿಂದ ಸುಮಾರು ೧೩.೫ಕ್ಕೆ ಇಳಿಯುತ್ತದೆ. ಇಲ್ಲಿಯವರೆಗೆ ಹುಡುಗ ಓದಿದ್ದು ಸರಿಯೇ.

ಸ್ವಾರಸ್ಯವಿರುವುದು ಮುಂದೆ. ಸೆನ್ಸರಿಗೆ ಪೆಟ್ರೋಲೂ ಗೊತ್ತಿಲ್ಲ, ಎಥನಾಲೂ ಗೊತ್ತಿಲ್ಲ. ಬೇಕಾದಷ್ಟು ಗಾಳಿ ಸಿಕ್ಕಿತೇ ಎಂಬುದೊಂದೇ ಅದಕ್ಕೆ ಗೊತ್ತು. ಅದು ಅಳೆಯುವುದು ಲ್ಯಾಂಬ್ಡಾ. ಆ ಲ್ಯಾಂಬ್ಡಾವನ್ನು ೧೪.೭ರಿಂದ ಗುಣಿಸಿ ಬಂದ ಅಂಕೆಯನ್ನು ಮೀಟರು ತನ್ನ ಮುಖದ ಮೇಲೆ ಬರೆಯುತ್ತದೆ. ಒಳಗೆ ಉರಿಯುವುದು ಯಾವ ಇಂಧನವೇ ಇರಲಿ, ಹದ ಸರಿಯಾಗಿದ್ದಾಗ ಅದು ೧೪.೭ ಎಂದೇ ತೋರಿಸೀತು. ಹುಡುಗ ಅದನ್ನು ೧೩.೫ಕ್ಕೆ ಇಳಿಸಿದಾಗ ನಿಜವಾದ ಲ್ಯಾಂಬ್ಡಾ ೧೩.೫ನ್ನು ೧೪.೭ರಿಂದ ಭಾಗಿಸಿದಷ್ಟು, ಎಂದರೆ ೦.೯೨ ಆಯಿತು. ಬೇಕಾದುದಕ್ಕಿಂತ ನೂರಕ್ಕೆ ಒಂಬತ್ತು ಪಾಲು ಹೆಚ್ಚು ಪೆಟ್ರೋಲು ಸುರಿಯಿತು. ಪ್ಲಗ್ಗು ಕಪ್ಪಾಗದೆ ಇನ್ನೇನಾದೀತು?

ಸೇರಿನ ಅಂಗಡಿಯಲ್ಲಿ ಕಿಲೋದ ಲೆಕ್ಕ ಹಾಕಿದಂತಾಯಿತು. ತಕ್ಕಡಿಯಲ್ಲಿ ದೋಷವಿರಲಿಲ್ಲ.

ಗಿರಾಕಿಯ ಚಿಂತೆ ಮಾತ್ರ ಆಧಾರವಿಲ್ಲದ್ದಲ್ಲ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿಗೆ ಈ ಮಿಶ್ರಣವನ್ನು ಹಾಕಿದರೆ ಅದು ನೂರಕ್ಕೆ ಏಳೆಂಟು ಪಾಲು ಲೀನ್ ಆಗುತ್ತದೆ. ಎಚ್ಚರಿಸಲು ಅಂಥ ಗಾಡಿಯಲ್ಲಿ ಸೆನ್ಸರಿಲ್ಲ. ಇಷ್ಟಲ್ಲದೆ ಎಥನಾಲಿನಲ್ಲಿ ಕಸುವು ಕಡಿಮೆ. ಹಳೆಯ ನಾಲ್ಕು ಚಕ್ರದ ಗಾಡಿಗಳ ಮೈಲೇಜು ನೂರಕ್ಕೆ ೬-೭ ಪಾಲು, ಎರಡು ಚಕ್ರದ ಗಾಡಿಗಳದು ೩-೪ ಪಾಲು ಇಳಿಯಬಹುದೆಂದು ನೀತಿ ಆಯೋಗದ ೨೦೨೧ರ ವರದಿಯೇ ಅಂದಾಜು ಮಾಡಿತ್ತು. ಆದುದರಿಂದ ಹದಗೊಳಿಸುವ ಕೆಲಸಕ್ಕೆ ಅರ್ಥವಿದೆ. ಅಳತೆಯನ್ನು ಅರಿತು ಮಾಡಬೇಕು ಅಷ್ಟೆ.

ಕೊಳವೆಯ ತೂತು

ಮರುದಿನ ಮೀಟರನ್ನು ಲ್ಯಾಂಬ್ಡಾದ ಅಂಕೆಗೆ ತಿರುಗಿಸಿ ಗಾಡಿಯನ್ನು ಮತ್ತೆ ಹೂಡಿದೆವು. ಓಡುವಾಗ ಎಲ್ಲವೂ ನೆಟ್ಟಗಾಯಿತು. ಆದರೆ ನಿಂತಲ್ಲಿ ಎಂಜಿನ್ನು ಮೆಲ್ಲಗೆ ಓಡುತ್ತಿರುವಾಗ ಮೀಟರು ಲ್ಯಾಂಬ್ಡಾ ೧.೧೫ ಎಂದು ಹಟ ಹಿಡಿಯಿತು. ಪೆಟ್ರೋಲು ಹೆಚ್ಚಿಸಲು ಹುಡುಗನ ಕೈ ಆಗಲೇ ತಿರುಪಿಗೆ ಹೋಗಿತ್ತು. ತಡೆದೆ. ಪ್ಲಗ್ಗು ಕಪ್ಪಾಗಿದೆ, ಹೊಗೆಗೆ ಪೆಟ್ರೋಲಿನ ವಾಸನೆಯಿದೆ, ಮೀಟರು ಮಾತ್ರ ಲೀನ್ ಎನ್ನುತ್ತದೆ. ಮೂವರು ಸಾಕ್ಷಿಗಳಲ್ಲಿ ಇಬ್ಬರು ಒಂದು ಹೇಳಿ ಒಬ್ಬ ಬೇರೆ ಹೇಳಿದರೆ ಆ ಒಬ್ಬನನ್ನು ಇನ್ನೊಮ್ಮೆ ವಿಚಾರಿಸಬೇಡವೇ?

ಎಂಜಿನ್ನು ತಣ್ಣಗಿರುವಾಗ ಶುರು ಮಾಡಿ, ಸೈಲೆನ್ಸರಿನ ಕೊಳವೆ ಎಂಜಿನ್ನಿಗೆ ಸೇರುವ ಸಂದಿಗೆ ಸಾಬೂನು ನೀರು ಬಿಟ್ಟೆವು. ಗುಳ್ಳೆ ಎದ್ದವು. ನಡುವಣ ಗ್ಯಾಸ್ಕೆಟ್ಟಿನ ಉಂಗುರ ಸವೆದಿತ್ತು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ. ಒಂದು ಅಲೆ ಹೋದ ಬೆನ್ನಿಗೆ ಹೊರಗಿನ ಗಾಳಿ ಆ ಸಂದಿಯಿಂದ ಒಳಕ್ಕೆ ನುಗ್ಗುತ್ತಿತ್ತು. ಸೆನ್ಸರು ಆ ಗಾಳಿಯ ಆಮ್ಲಜನಕವನ್ನೇ ಅಳೆದು ಪ್ರಾಮಾಣಿಕವಾಗಿ ವರದಿ ಕೊಟ್ಟಿತ್ತು. ಒಂದು ಸಿಲಿಂಡರಿನ ಗಾಡಿಗಳಲ್ಲಿ ಮೋಟು ಸೈಲೆನ್ಸರು ಹಾಕಿದರೆ ಬಾಲದ ಕಡೆಯಿಂದಲೂ ಹೀಗೆಯೇ ಗಾಳಿ ಹಿಂದಕ್ಕೆ ಸರಿದು ಬರುವುದುಂಟು.

ಇದಕ್ಕಿಂತಲೂ ಮೋಸದ್ದು ಇನ್ನೊಂದಿದೆ. ಪ್ಲಗ್ಗು ಒಮ್ಮೊಮ್ಮೆ ಕಿಡಿ ಹಾರಿಸದೆ ಹೋದರೆ ಗಾಳಿ, ಪೆಟ್ರೋಲು ಎರಡೂ ಉರಿಯದೆ ಹೊರಬೀಳುತ್ತವೆ. ಸೆನ್ಸರು ಕಾಣುವುದು ಉಳಿದ ಆಮ್ಲಜನಕವನ್ನು, ಲೀನ್ ಎನ್ನುತ್ತದೆ. ಅದನ್ನು ನಂಬಿ ಪೆಟ್ರೋಲು ಹೆಚ್ಚಿಸಿದರೆ ಪ್ಲಗ್ಗು ಇನ್ನಷ್ಟು ಮಸಿ ಹಿಡಿದು ಕಿಡಿ ಇನ್ನಷ್ಟು ತಪ್ಪುತ್ತದೆ. ಮದ್ದೇ ರೋಗವಾಯಿತು.

ಸೆನ್ಸರು ತಾನೇ ಕೆಡುವುದೂ ಉಂಟು. ಸೀಸವು ಅದಕ್ಕೆ ವಿಷ. ಆದರೆ ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ ೨೦೦೦ದಲ್ಲಿಯೇ ನಿಂತಿತು. ಈಗ ಅಂಜಬೇಕಾದುದು ಸಂದಿಗೆ ಮೆತ್ತುವ ಸಿಲಿಕೋನ್ ಅಂಟಿಗೆ, ಎಂಜಿನ್ನು ಕುಡಿಯುವ ಆಯಿಲಿಗೆ, ಮತ್ತು ನೀರಿಗೆ. ಕಾದು ಕೆಂಪಾದ ಜಿರ್ಕೋನಿಯಾದ ಮೇಲೆ ಹೊಗೆಯ ಕೊಳವೆಯಲ್ಲಿ ಕಟ್ಟಿದ ನೀರಿನ ಹನಿ ಬಿದ್ದರೆ ಕಾದ ಗಾಜಿನ ಲೋಟದಂತೆ ಅದು ಬಿರಿಯುತ್ತದೆ. ಆದುದರಿಂದಲೇ ಅದನ್ನು ಕೊಳವೆಯ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸುತ್ತಾರೆ.

ಎರಡನೆಯ ಸಾಕ್ಷಿ

ಸ್ವಂತ ಗ್ಯಾರೇಜಿಲ್ಲದ ವಾಚಕರಿಗೂ ಇದರಿಂದ ಪ್ರಯೋಜನವುಂಟು. ಗಾಡಿಯ ಎಂಜಿನ್ ದೀಪ ಹತ್ತಿ, ಸೆನ್ಸರು ‘ಲೀನ್’ ಎನ್ನುತ್ತಿದೆಯೆಂದು ತಿಳಿದುಬಂದರೆ, ಸೆನ್ಸರನ್ನೇ ಬದಲಿಸಿಬಿಡಿ ಎಂಬ ಸಲಹೆ ಬರುವುದು ಸಾಮಾನ್ಯ. ಬದಲಿಸುವ ಮೊದಲು ಮೂರು ಮಾತು ಕೇಳಿರಿ: ಸೈಲೆನ್ಸರಿನ ಸಂದಿ ಸೋರುತ್ತಿದೆಯೇ? ಪ್ಲಗ್ಗು ಸರಿಯಾಗಿದೆಯೇ? ಪ್ಲಗ್ಗಿನ ಬಣ್ಣ ಸೆನ್ಸರಿನ ಮಾತಿಗೆ ಹೊಂದುತ್ತದೆಯೇ? ಇವನ್ನು ನೋಡಲು ತಗಲುವ ವೆಚ್ಚ ಅತ್ಯಲ್ಪ.

ಕಾರುಳ್ಳವರಿಗೆ ಇನ್ನೊಂದು ಸಾಕ್ಷಿ ಪಿ.ಯು.ಸಿ. ಕೇಂದ್ರದಲ್ಲಿದೆ. ಅಲ್ಲಿಯ ಯಂತ್ರ ಹೊಗೆಯಲ್ಲಿರುವ ನಾಲ್ಕು ಅನಿಲಗಳನ್ನು ಬೇರೆ ಬೇರೆಯಾಗಿ ಅಳೆದು, ಅವುಗಳಿಂದ ಲ್ಯಾಂಬ್ಡಾವನ್ನು ಲೆಕ್ಕ ಹಾಕುತ್ತದೆ. ಬಿ.ಎಸ್. ೬ ಪೆಟ್ರೋಲು ಕಾರಿನ ಎಂಜಿನ್ನು ನಿಮಿಷಕ್ಕೆ ಸುಮಾರು ೨೫೦೦ ಸುತ್ತು ತಿರುಗುವಾಗ ಅದು ೦.೯೭ರಿಂದ ೧.೦೩ರ ಒಳಗಿರಬೇಕೆಂಬುದು ನಿಯಮ. ಚೀಟಿಯನ್ನು ಮಡಿಸಿ ಜೇಬಿಗೆ ಹಾಕುವ ಮೊದಲು ಆ ಅಂಕೆಯನ್ನೊಮ್ಮೆ ನೋಡಿರಿ. ೧೯೬೬ರಲ್ಲಿ ಸ್ಥಾಪನೆಯಾದ ನಮ್ಮ ಪುಣೆಯ ಮೋಟಾರು ಸಂಶೋಧನ ಸಂಸ್ಥೆಯಂಥಲ್ಲಿ, ದೇಶದ ಗಾಡಿಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವಾಗಲೂ, ಗಾಡಿಯ ಸೆನ್ಸರನ್ನು ಕೇಳಿ ಸುಮ್ಮನಾಗುವುದಿಲ್ಲ. ಹೊಗೆಯನ್ನು ಹಿಡಿದು ಪ್ರಯೋಗಾಲಯದ ಯಂತ್ರಗಳಿಂದ ಅಳೆಯುತ್ತಾರೆ.

ಮೀಟರಿಟ್ಟುಕೊಂಡ ತರುಣರಿಗೆ ಮಾತ್ರ ಎರಡು ಮಾತು ಹೆಚ್ಚು. ಹೊರಗಾಳಿಯಲ್ಲಿ ಹೊಂದಿಸುವ ಏರ್ಪಾಡು ನಿಮ್ಮ ಮೀಟರಿನಲ್ಲಿದ್ದರೆ ಆಗಾಗ ಸೆನ್ಸರನ್ನು ಹೊರತೆಗೆದು, ತೆರೆದ ಬಯಲಿನಲ್ಲಿ ಹಿಡಿದು ಹೊಂದಿಸಿರಿ. ಶುದ್ಧ ಗಾಳಿಯಲ್ಲಿ ನೂರಕ್ಕೆ ೨೦.೯ ಪಾಲು ಆಮ್ಲಜನಕವಿದೆ. ದೇವರು ಪುಕ್ಕಟೆಯಾಗಿ ಕೊಟ್ಟ ತೂಕದ ಬಟ್ಟು ಅದು. ಪೆಟ್ರೋಲಿನ ಆವಿ ತುಂಬಿದ ಗ್ಯಾರೇಜಿನೊಳಗೆ ಹೊಂದಿಸಿದರೆ ಬಟ್ಟೇ ಸುಳ್ಳಾಗುತ್ತದೆ. ಮತ್ತು ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಬೇಡಿರಿ. ರಿಚ್ ಮಿಶ್ರಣದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವಾಗ ಅದು ಹೇಳಿ ಬರುವುದಿಲ್ಲ.

ಹೊಸ ಉಂಗುರ ಹಾಕಿ, ತಿರುಪನ್ನು ಸರಿಪಡಿಸಿದ ಮೇಲೆ ಗಿರಾಕಿಯ ಗಾಡಿ ಲೀಟರಿಗೆ ಮತ್ತೆ ಐವತ್ತರ ಹತ್ತಿರ ಬಂದಿದೆ. ಹುಡುಗ ಅವರಿಂದ ಎರಡನೆಯ ಸಲದ ಕೂಲಿಯನ್ನು ತೆಗೆದುಕೊಳ್ಳಲಿಲ್ಲ. ಅವರು ಸುಮ್ಮನಿರದೆ ತಮ್ಮ ಪಾಳಿಯ ಇನ್ನಿಬ್ಬರನ್ನು ಕಳಿಸಿಕೊಟ್ಟರು. ಸಾಲದ ಮಾತು ನಿಂತಿದೆ. ಮೀಟರಿನ ಡಬ್ಬಿಯ ಮೇಲೆ ಅವನು ಒಂದು ಚೀಟಿ ಅಂಟಿಸಿದ್ದಾನೆ: ‘ಸಂದಿ, ಪ್ಲಗ್ಗು, ಆಮೇಲೆ ನಾನು.’

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕೆಂಬ ಗಾದೆ ನಮ್ಮಲ್ಲಿದೆ. ಅದು ನಿಜವೇ. ಆದರೆ ಈ ಲೇಖನವನ್ನು ಓದಿ ಕೇಳಿಸಿದಾಗ ನಮ್ಮ ಮನೆಯಾಕೆ ಒಂದು ಮಾತು ಸೇರಿಸಿದಳು: “ಅಗಳ ತಗ್ಯೂ ಮೊದಲ ಸೌಟ ಹಾಕಿ ತಳದಿಂದ ಮಗಚಬೇಕ್ರಿ. ಮ್ಯಾಲಿಂದು ನೋಡಿ ಇಳಿಸಿದರ ತಳಾ ಹಸೀನ ಇರ್ತದ.”